ಮೊಸರಲ್ಲಿ ಕಲ್ಲು ಹುಡುಕುವ ಮೂರು ಏಜೆಂಟ್: ಒಂದೇ ಪಿಆರ್‌ಗೆ ಹಲವು ಎಐ ರಿವ್ಯೂ ಮಾಡಿಸಿದರೆ ಕಾಸು ಗಿಟ್ಟುತ್ತದೆಯೇ?

ಪಿಆರ್ ಅಂದರೆ ಪುಲ್ ರಿಕ್ವೆಸ್ಟ್, 'ನನ್ನ ಕೋಡ್ ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸಿಕೊಳ್ಳಿ' ಅನ್ನುವ ಕೋರಿಕೆ. ಏಜೆಂಟ್ ಅಂದರೆ ಫೈಲ್ ಓದಿ, ಕಮಾಂಡ್ ಓಡಿಸಿ ತಾನಾಗಿ ಕೆಲಸ ಮಾಡುವ ಎಐ ಟೂಲ್. ತೀರ್ಪು ಮೊದಲೇ ಹೇಳಿಬಿಡೋಣ. ಹಣ, ತಾರೀಖು, ಲಾಗಿನ್ ಈ ಮೂರರಲ್ಲಿ ಯಾವುದನ್ನಾದರೂ ಮುಟ್ಟುವ ಪಿಆರ್‌ಗೆ ಎರಡು ಅಥವಾ ಮೂರು ಏಜೆಂಟ್‌ಗಳಿಂದ ರಿವ್ಯೂ ಮಾಡಿಸುವುದು ಕೊಟ್ಟ ಕಾಸಿಗೆ ಮೋಸವಿಲ್ಲದ ಕೆಲಸ. ಬಟನ್ನಿನ ಬಣ್ಣ ಬದಲಿಸುವ ಪಿಆರ್‌ಗೂ ಅದನ್ನೇ ಹೂಡಿದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಮೂರರ ಜಾಗಕ್ಕೆ ಐದು ಏಜೆಂಟ್ ತಂದು ಕೂರಿಸಿದರೆ ಹೆಚ್ಚುವುದು ಕಮೆಂಟ್, ಸಿಗುವ ಬಗ್ (ಕೋಡ್‌ನ ತಪ್ಪು) ಅಲ್ಲ.

ಇಲ್ಲಿ ವಿಮರ್ಶೆಗೆ ಇಟ್ಟಿರುವುದು ಡಬ್ಬಿಯಲ್ಲಿ ಬರುವ ಸಾಮಾನಲ್ಲ, ಒಂದು ಜೋಡಣೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ) ಓಡುವ ಮೂರು ಟೂಲ್: ಆಂಥ್ರಾಪಿಕ್‌ನ ಕ್ಲಾಡ್ ಕೋಡ್, ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ, ಗೂಗಲ್‌ನ ಜೆಮಿನಿ ಸಿಎಲ್‌ಐ. 2025ರ ಫೆಬ್ರವರಿ, ಏಪ್ರಿಲ್, ಜೂನ್‌ನಲ್ಲಿ ಒಂದರ ಹಿಂದೊಂದು ಬಂದವು. ಮೂರಕ್ಕೂ ಚಾಟ್ ಪರದೆಯ ಹಂಗಿಲ್ಲದೆ ಒಂದೇ ಕಮಾಂಡ್‌ನಲ್ಲಿ ಪ್ರಶ್ನೆ ಕೊಟ್ಟು ಉತ್ತರ ಪಡೆಯುವ ದಾರಿ ಇದೆ. ಕ್ಲಾಡ್‌ಗೂ ಜೆಮಿನಿಗೂ 'ಹೈಫನ್ ಪಿ', ಕೋಡೆಕ್ಸ್‌ಗೆ 'ಎಕ್ಸೆಕ್'. ಅಂದಮೇಲೆ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಫೈಲ್) ಮೂರನ್ನೂ ಒಟ್ಟಿಗೆ ಓಡಿಸಿ, ಮೂರು ಫೈಲ್‌ಗೆ ಉತ್ತರ ಬರೆಸಿ, ನಿಮ್ಮ ಮುಂದೆ ಇಡಬಲ್ಲದು. ದರ್ಶಿನಿಯಲ್ಲಿ ನಿಂತು ಒಂದು ಬೈ-ಟು ಕಾಫಿ ಮುಗಿಸಿ ಬರುವಷ್ಟರಲ್ಲಿ ಸಾಧಾರಣ ಪಿಆರ್‌ನ ರಿವ್ಯೂ ಆಗಿರುತ್ತದೆ.

ಆದರೆ ಮೂರೂ 'ಸರಿಯಾಗಿದೆ' ಅಂದ ಮಾತ್ರಕ್ಕೆ ಸರಿಯಾಗಿದೆ ಅಂತ ನಂಬುವುದೇ ಈ ಜೋಡಣೆಯ ದೊಡ್ಡ ಗುಂಡಿ. ಹತ್ತು ಕಣ್ಣು ನೋಡಿದರೆ ತಪ್ಪು ಉಳಿಯದು ಅನ್ನುವ ಲೆಕ್ಕಕ್ಕೆ ಪೆಟ್ಟು ಬಿದ್ದು ಬಹಳ ವರ್ಷವಾಯಿತು. ಜಾನ್ ನೈಟ್ ಮತ್ತು ನ್ಯಾನ್ಸಿ ಲೆವೆಸನ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಒಂದೇ ವಿವರಣೆಯನ್ನು ಓದಿಕೊಂಡು, ಒಬ್ಬರದನ್ನೊಬ್ಬರು ನೋಡದೆ, 27 ಪ್ರೋಗ್ರಾಂ ಬರೆದರು. ಅಷ್ಟನ್ನೂ 10 ಲಕ್ಷ ಟೆಸ್ಟ್‌ಗಳ ಮೇಲೆ ಓಡಿಸಿ ನೋಡಿದರೆ, ಒಂದೇ ಟೆಸ್ಟ್‌ನಲ್ಲಿ ಹಲವು ಪ್ರೋಗ್ರಾಂ ಒಟ್ಟಿಗೆ ಮುಗ್ಗರಿಸಿದ ಸಂದರ್ಭಗಳು, ಪ್ರತಿಯೊಂದೂ ತನ್ನ ಪಾಡಿಗೆ ತಪ್ಪುತ್ತದೆ ಅಂತ ಹಿಡಿದ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು. ಕಷ್ಟದ ಜಾಗ ಎಲ್ಲರಿಗೂ ಕಷ್ಟವೇ. ಬೇರೆ ಬೇರೆ ತಲೆಗಳ ಕಥೆಯೇ ಹೀಗಾದರೆ, ಹೆಚ್ಚುಕಡಿಮೆ ಅದೇ ಇಂಟರ್‌ನೆಟ್ ಓದಿ ಬೆಳೆದ ಮಾಡೆಲ್‌ಗಳ ಮಾತು ಏನು ಹೇಳುವುದು? ಒಂದೇ ಮಾಡೆಲ್‌ಗೆ ಮೂರು ಹೆಸರಿಟ್ಟು, 'ನೀನು ಸೆಕ್ಯೂರಿಟಿ ತಜ್ಞ', 'ನೀನು ಹಿರಿಯ ಆರ್ಕಿಟೆಕ್ಟ್' ಅಂತ ವೇಷ ಹಾಕಿಸಿದರೆ ಬೇರೆಯಾಗುವುದು ಮಾತಿನ ಧಾಟಿ ಮಾತ್ರ, ಕುರುಡು ಜಾಗ ಒಂದೇ.

ಆದ್ದರಿಂದ ವ್ಯತ್ಯಾಸವನ್ನು ನೀವೇ ತಂದು ಹಾಕಬೇಕು. ಮಾಡೆಲ್ ಬೇರೆ ಕಂಪನಿಯದ್ದಾಗಿದ್ದರೆ ಒಂದಿಷ್ಟು ಬರುತ್ತದೆ. ಅದಕ್ಕಿಂತ ಹೆಚ್ಚು ಬರುವುದು ಕೈಗೆ ಕೊಡುವ ಕಾಗದ ಬೇರೆಯಾದಾಗ. ಹೀಗೆ ಹಂಚಿ: ಮೊದಲ ಏಜೆಂಟ್‌ಗೆ ಬೇಡಿಕೆಯ ಟಿಕೆಟ್ (ಏನು ಬೇಕು ಅಂತ ಬರೆದ ಚೀಟಿ) ಮತ್ತು ಡಿಫ್ (ಕೋಡ್‌ನಲ್ಲಿ ಬದಲಾದ ಸಾಲುಗಳು) ಮಾತ್ರ. ಪಿಆರ್‌ನ ವಿವರಣೆ ಕೊಡಬೇಡಿ. ಬರೆದವರ ಸಮಜಾಯಿಷಿ ಓದಿದ ಮೇಲೆ ಮನುಷ್ಯರ ಹಾಗೆಯೇ ಇದೂ ಅದೇ ಜಾಡಿನಲ್ಲಿ ನಡೆಯುತ್ತದೆ. ಅದಕ್ಕೆ ಕೇಳುವ ಪ್ರಶ್ನೆ ಒಂದೇ, 'ಟಿಕೆಟ್‌ನಲ್ಲಿದ್ದು ಕೋಡ್‌ನಲ್ಲಿ ಇಲ್ಲದ್ದು ಯಾವುದು?' ಎರಡನೆಯದಕ್ಕೆ ಇಡೀ ರೆಪೊ (ಕೋಡ್‌ನ ಭಂಡಾರ), ಟೆಸ್ಟ್ ಓಡಿಸುವ ಅನುಮತಿ, ಮತ್ತು 'ಇದನ್ನು ಮುರಿ' ಅನ್ನುವ ಕೆಲಸ. ಮೂರನೆಯದಕ್ಕೆ ಡಿಫ್ ಜೊತೆಗೆ ನಿಮ್ಮ ವ್ಯವಹಾರದ ನಿಯಮಗಳ ಫೈಲ್: ತೆರಿಗೆ, ತಾರೀಖು, ಯಾರಿಗೆ ಯಾವ ಅಧಿಕಾರ, ಯಾವ ಮಾಹಿತಿ ಲಾಗ್‌ನಲ್ಲಿ ಬರಬಾರದು ಇತ್ಯಾದಿ. ಕೋಡ್ ಬರೆದದ್ದೂ ಒಂದು ಏಜೆಂಟ್ ಆಗಿದ್ದರೆ, ಮುರಿಯುವ ಕೆಲಸವನ್ನು ಅದೇ ಕಂಪನಿಯ ಮಾಡೆಲ್‌ಗೆ ಕೊಡಬೇಡಿ. ಒಂದೇ ಕಂಪನಿಯ ಚಂದಾ ಸಾಕು ಅನ್ನುವವರಿಗೆ ಕ್ಲಾಡ್ ಕೋಡ್‌ನ ಸಬ್‌ಏಜೆಂಟ್‌ಗಳಿವೆ, ಅಂದರೆ ಅದರೊಳಗೇ ಕೆಲಸ ಹಂಚಿಕೊಳ್ಳುವ ಕಿರಿಯ ಏಜೆಂಟ್‌ಗಳು. ಪ್ರತಿಯೊಂದಕ್ಕೂ ತನ್ನದೇ ಕಾಂಟೆಕ್ಸ್ಟ್ (ಓದಿ ಮುಂದಿಟ್ಟುಕೊಂಡ ಮಾಹಿತಿ) ಇರುವುದರಿಂದ ಕಾಗದ ಬೇರೆ ಮಾಡಲು ಬರುತ್ತದೆ, ಆದರೆ ಮಾಡೆಲ್‌ನ ಕುರುಡು ಜಾಗ ಅಲ್ಲಿಯೂ ಉಳಿದೇ ಉಳಿಯುತ್ತದೆ.

ಜೋಡಿಸುವಾಗ ಕೈಕೊಡುವ ಜಾಗಗಳು ಹೆಚ್ಚಾಗಿ ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿವೆ, ಎಐನಲ್ಲಲ್ಲ. ಮೂರು ಏಜೆಂಟ್ ಒಂದೇ ಫೋಲ್ಡರ್‌ನಲ್ಲಿ ಓಡಿದರೆ ಒಂದು ಬರೆದ ಟೆಸ್ಟ್ ಫೈಲನ್ನು ಇನ್ನೊಂದು ಪಿಆರ್‌ನ ಭಾಗ ಅಂತ ಓದಿಕೊಂಡು ಅದರ ಮೇಲೂ ಕಮೆಂಟ್ ಹಾಕುತ್ತದೆ. ಇದಕ್ಕೆ ಗಿಟ್ ವರ್ಕ್‌ಟ್ರೀ ಬಳಸಿ, ಅದು ಒಂದೇ ರೆಪೊದಿಂದ ಬೇರೆ ಬೇರೆ ಫೋಲ್ಡರ್ ಮಾಡಿಕೊಡುತ್ತದೆ. ಒಂದೇ ಬ್ರ್ಯಾಂಚನ್ನು (ಕೋಡ್‌ನ ಕವಲನ್ನು) ಎರಡು ವರ್ಕ್‌ಟ್ರೀಯಲ್ಲಿ ಚೆಕ್‌ಔಟ್ ಮಾಡಲು ಗಿಟ್ ಬಿಡುವುದಿಲ್ಲ. 'ಡಿಟ್ಯಾಚ್' ಆಯ್ಕೆ ಹಾಕಿ, ಅದೇ ಕಮಿಟ್ (ಉಳಿಸಿಟ್ಟ ಆವೃತ್ತಿ) ಮೇಲೆ ಮೂರು ವರ್ಕ್‌ಟ್ರೀ ಮಾಡಿ. ಗಿಟ್ ಇಗ್ನೋರ್‌ನಲ್ಲಿರುವ ಯಾವ ಫೈಲೂ ಹೊಸ ವರ್ಕ್‌ಟ್ರೀಗೆ ಬರುವುದಿಲ್ಲ, ಅಂದರೆ ನೋಡ್ ಮಾಡ್ಯೂಲ್ಸ್ (ಕೋಡ್‌ಗೆ ಬೇಕಾದ ಪ್ಯಾಕೇಜ್‌ಗಳು) ಇರದು, ಎನ್ವ್ ಫೈಲ್ (ಗುಟ್ಟಿನ ಕೀಗಳಿರುವುದು) ಇರದು. ಮೊದಲನೆಯದನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ. ಎರಡನೆಯದನ್ನು ಕಾಪಿ ಮಾಡಲೇಬೇಡಿ, ಸುಳ್ಳು ಕೀಗಳಿರುವ ಬೇರೆ ಫೈಲ್ ಇಡಿ. ಪ್ರತಿ ವರ್ಕ್‌ಟ್ರೀಗೂ ಟೆಸ್ಟ್ ಡೇಟಾಬೇಸ್ ಹೆಸರು ಬೇರೆ, ಪೋರ್ಟ್ ಬೇರೆ. ಇದನ್ನು ಮರೆತರೆ ಎರಡು ಏಜೆಂಟ್ ಒಂದೇ ಟೇಬಲ್ಲನ್ನು ಅಳಿಸಿ ತುಂಬಿ ಮಾಡುತ್ತ, ಇಲ್ಲದ ರೇಸ್ ಕಂಡಿಷನ್ (ಎರಡು ಕೆಲಸ ಒಟ್ಟಿಗೆ ನಡೆದು ಆಗುವ ತಪ್ಪು) ಒಂದನ್ನು ಗಂಭೀರವಾಗಿ ವರದಿ ಮಾಡುತ್ತವೆ.

ಡಿಫ್ ತೆಗೆಯುವಾಗ ಮೇನ್ (ಮುಖ್ಯ ಬ್ರ್ಯಾಂಚ್) ಮತ್ತು ಹೆಡ್ (ನಿಮ್ಮ ಬ್ರ್ಯಾಂಚ್‌ನ ತುದಿ) ನಡುವೆ ಮೂರು ಚುಕ್ಕೆ ಇರಲಿ, ಎರಡಲ್ಲ. ಮೂರು ಚುಕ್ಕೆ ಇದ್ದರೆ ಬ್ರ್ಯಾಂಚ್ ಕವಲೊಡೆದ ಜಾಗದಿಂದ ಈಚೆಗಿನ ನಿಮ್ಮ ಬದಲಾವಣೆ ಮಾತ್ರ ಬರುತ್ತದೆ. ಎರಡು ಹಾಕಿದರೆ, ಅಷ್ಟರಲ್ಲಿ ಮೇನ್‌ಗೆ ಬೇರೆಯವರು ಸೇರಿಸಿದ್ದೆಲ್ಲ ನೀವು ಅಳಿಸಿದ ಹಾಗೆ ಕಾಣಿಸುತ್ತದೆ. ಮೂರೂ ಏಜೆಂಟ್ ಒಕ್ಕೊರಲಿನಿಂದ 'ಪೇಮೆಂಟ್ ಮಾಡ್ಯೂಲ್ ತೆಗೆದುಹಾಕಲಾಗಿದೆ, ಅಪಾಯ' ಅಂದರೆ ಮೊದಲು ಚುಕ್ಕೆ ಎಣಿಸಿ. ಲಾಕ್ ಫೈಲ್‌ಗಳನ್ನು (ಪ್ಯಾಕೇಜ್ ಆವೃತ್ತಿಗಳ ಪಟ್ಟಿ) ಡಿಫ್‌ನಿಂದ ಹೊರಗಿಡಿ, ಸಾವಿರಾರು ಸಾಲಿನ ಕಸ ಅದು. ಮನುಷ್ಯರ ಒಂದು ರಿವ್ಯೂಗೆ 200ರಿಂದ 400 ಸಾಲು ಅನ್ನುವ ಹಳೆಯ ಅಳತೆ ಇಲ್ಲಿಗೂ ಹೊಂದುತ್ತದೆ. 2,000 ಸಾಲಿನ ಪಿಆರ್ ಕೊಟ್ಟರೆ ಏಜೆಂಟ್‌ಗೆ ಸುಸ್ತಾಗುವುದಿಲ್ಲ ನಿಜ, ಆದರೆ ಅದು ಕೊಡುವ ಪಟ್ಟಿ ಓದುವ ನಿಮಗೆ ಆಗುತ್ತದೆ.

ಓದುವ ಕೆಲಸದ ಏಜೆಂಟ್‌ಗಳಿಗೆ ಬರೆಯುವ ಅನುಮತಿ ಕೊಡಬಾರದು. ಕೋಡೆಕ್ಸ್‌ಗೆ ರೀಡ್ ಓನ್ಲಿ ಸ್ಯಾಂಡ್‌ಬಾಕ್ಸ್ ಇದೆ, ಕ್ಲಾಡ್ ಕೋಡ್‌ಗೆ ಪ್ಲಾನ್ ಮೋಡ್ ಇದೆ. ಮುರಿಯುವ ಏಜೆಂಟ್ ಮಾತ್ರ ಟೆಸ್ಟ್ ಫೋಲ್ಡರ್‌ಗೆ ಹೊಸ ಫೈಲ್ ಬರೆಯಲಿ. ಇದ್ದ ಟೆಸ್ಟ್ ಮುಟ್ಟಬಾರದು ಅಂತ ಪ್ರಾಂಪ್ಟ್‌ನಲ್ಲಿ ಹೇಳಿದರೆ ಸಾಲದು. ಓಟ ಮುಗಿದ ಮೇಲೆ ಗಿಟ್ ಸ್ಟೇಟಸ್ ನೋಡಿ, ಹಳೆಯ ಫೈಲ್ ಬದಲಾಗಿದ್ದರೆ ಆ ವರದಿಯನ್ನೇ ಸ್ಕ್ರಿಪ್ಟ್ ತಿರಸ್ಕರಿಸಬೇಕು. ಟೆಸ್ಟ್ ಹಸಿರಾಗಲಿ (ಪಾಸಾಗಲಿ) ಅಂತ ಟೆಸ್ಟನ್ನೇ ತಿದ್ದುವುದು ಏಜೆಂಟ್‌ಗಳ ಹಳೆಯ ಚಾಳಿ.

ಇನ್ನು ಒಂದು ಪಿಆರ್ ಹತ್ತಿರದಿಂದ ನೋಡೋಣ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಹತ್ತು ಜನರ ಕಂಪನಿ ಅಂತ ಇಟ್ಟುಕೊಳ್ಳಿ. ಪಿಆರ್ ಇಷ್ಟೇ: ಜಿಎಸ್‌ಟಿ ಇನ್‌ವಾಯ್ಸ್ ನಂಬರ್ ತಯಾರಿಸುವ ಫಂಕ್ಷನ್, ಜಾವಾಸ್ಕ್ರಿಪ್ಟ್‌ನಲ್ಲಿ, ಸುಮಾರು 40 ಸಾಲು. ತಾರೀಖು ನೋಡಿ ಹಣಕಾಸು ವರ್ಷ ಹಾಕುತ್ತದೆ, ಟೇಬಲ್‌ನಲ್ಲಿರುವ ದೊಡ್ಡ ನಂಬರಿಗೆ ಒಂದು ಸೇರಿಸುತ್ತದೆ, ಮುಂದೆ ಊರಿನ ಹೆಸರು ಅಂಟಿಸುತ್ತದೆ. ಕೊನೆಗೆ 'ಬಿಎಲ್‌ಆರ್/2025-26/000123' ಅನ್ನುವಂಥ ನಂಬರ್, ಇಂಗ್ಲಿಷ್ ಅಕ್ಷರಗಳಲ್ಲಿ. ನೋಡಲು ಎಷ್ಟು ಸೊಗಸು! ಇದರಲ್ಲಿ ಐದು ತಪ್ಪು ಅಡಗಬಹುದು, ಐದೂ ಬೇರೆ ಬೇರೆ ಜಾತಿಯವು.

ಒಂದು, ತಿಂಗಳು 4 ಅಥವಾ ಹೆಚ್ಚಿದ್ದರೆ ಹೊಸ ವರ್ಷ ಅಂತ ಬರೆದಿದ್ದಾರೆ. ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳು ಸೊನ್ನೆಯಿಂದ ಶುರು, ಏಪ್ರಿಲ್ ಅಂದರೆ 3. ಏಪ್ರಿಲ್ ತಿಂಗಳ ಬಿಲ್ಲೆಲ್ಲ ಹಳೆಯ ವರ್ಷಕ್ಕೆ. ಇದನ್ನು ಹಿಡಿಯಲು ಮೂರು ಏಜೆಂಟ್ ಬೇಕಿಲ್ಲ, ಒಂದು ಸಾಕು.

ಎರಡು, ಸರ್ವರ್ ಓಡುವುದು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ಬೆಂಗಳೂರಲ್ಲಿ ಏಪ್ರಿಲ್ 1ರ ರಾತ್ರಿ 12 ಗಂಟೆ ಅಂದರೆ ಯುಟಿಸಿಯಲ್ಲಿ ಮಾರ್ಚ್ 31ರ ಸಂಜೆ 6:30. ಅಲ್ಲಿಂದ ಬೆಳಗಿನ ಐದೂವರೆವರೆಗೆ ಆಗುವ ಬಿಲ್ ಎಲ್ಲ ಕಳೆದ ಹಣಕಾಸು ವರ್ಷಕ್ಕೆ ಬೀಳುತ್ತದೆ. ಬಟ್ಟೆ ಅಂಗಡಿ ಆ ಹೊತ್ತಲ್ಲಿ ತೆರೆದಿರದು, ಸರಿ, ಆದರೆ ಆನ್‌ಲೈನ್ ಆರ್ಡರ್‌ಗೆ ನಿದ್ದೆ ಇಲ್ಲ. ತಮಾಷೆ ಏನೆಂದರೆ, ಏಜೆಂಟ್ ಇದನ್ನು ಅನುಮಾನಿಸಿ ಟೆಸ್ಟ್ ಬರೆದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿದರೆ ಟೆಸ್ಟ್ ಪಾಸ್! ಲ್ಯಾಪ್‌ಟಾಪ್ ಐಎಸ್‌ಟಿಯಲ್ಲಿದೆಯಲ್ಲ. 'ನನ್ನ ಅನುಮಾನ ತಪ್ಪಿತ್ತು' ಅಂತ ಏಜೆಂಟ್ ವಿನಯದಿಂದ ಹಿಂದೆ ಸರಿಯುತ್ತದೆ, ಬಗ್ ಉಳಿಯುತ್ತದೆ. ಮುರಿಯುವ ಏಜೆಂಟ್‌ನ ವರ್ಕ್‌ಟ್ರೀಯಲ್ಲಿ ಟೈಮ್‌ಝೋನ್ ಯುಟಿಸಿ ಅಂತ ಮೊದಲೇ ನಿಗದಿ ಮಾಡಿ. ಮಾರ್ಚ್ 31, ಯುಟಿಸಿ 18:45 ಕೊಟ್ಟರೆ ಹೊಸ ವರ್ಷ ಬರಬೇಕು, 18:15 ಕೊಟ್ಟರೆ ಹಳೆಯದು. ಈ ಎರಡು ಸಾಲಿನ ಟೆಸ್ಟ್ ಹತ್ತು ಪ್ಯಾರಾ ಕಮೆಂಟ್‌ಗಿಂತ ಮೇಲು.

ಮೂರು, ಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್ ನಂಬರ್ 16 ಅಕ್ಷರ ದಾಟುವಂತಿಲ್ಲ. ಮೇಲಿನ ಸೊಗಸಾದ ನಂಬರನ್ನು ಎಣಿಸಿ: ಊರಿಗೆ 3, ಗೆರೆ 1, ವರ್ಷ 7, ಗೆರೆ 1, ಕ್ರಮಸಂಖ್ಯೆ 6. ಒಟ್ಟು 18. ಕೋಡ್ ಮಟ್ಟಿಗೆ ಇದರಲ್ಲಿ ಏನೂ ತಪ್ಪಿಲ್ಲ. ಟೈಪ್ ಸರಿ, ಟೆಸ್ಟ್ ಸರಿ. ನಿಯಮದ ಫೈಲ್ ಕೈಯಲ್ಲಿಲ್ಲದ ಏಜೆಂಟ್ ಇದನ್ನು ಹೇಳಿದರೆ ಅದೃಷ್ಟ, ಹೇಳದಿದ್ದರೆ ಆಶ್ಚರ್ಯವಿಲ್ಲ. ಮೂರನೆಯ ಏಜೆಂಟ್ ಸಂಬಳ ದುಡಿಯುವುದು ಇಂಥಲ್ಲಿ.

ನಾಲ್ಕು ಎಲ್ಲರಿಗೂ ಗೊತ್ತಿರುವ ರೋಗ, ದುಡ್ಡನ್ನು ದಶಮಾಂಶದಲ್ಲಿ ಇಡುವುದು. 19.99ನ್ನು 100ರಿಂದ ಗುಣಿಸಿದರೆ ಜಾವಾಸ್ಕ್ರಿಪ್ಟ್ ಕೊಡುವುದು 1998.9999999999998. ದಶಮಾಂಶ ಕತ್ತರಿಸಿದರೆ ಒಂದು ಪೈಸೆ ಮಾಯ. ಪೈಸೆಯನ್ನು ಪೂರ್ಣಾಂಕದಲ್ಲಿಡಿ, ಮುಂದೆ ಹೋಗೋಣ.

ಐದನೆಯದರಲ್ಲಿ ಏಜೆಂಟ್‌ಗಳು ಒಂದಕ್ಕೊಂದು ತಿರುಗಿಬೀಳುತ್ತವೆ, ಈ ಜೋಡಣೆಯ ನಿಜವಾದ ಬೆಲೆ ಕಾಣುವುದೂ ಅಲ್ಲಿಯೇ. ದೊಡ್ಡ ನಂಬರ್ ಓದಿ ಒಂದು ಸೇರಿಸುವುದೆಂದರೆ ಎರಡು ಕೌಂಟರ್‌ನಲ್ಲಿ ಒಂದೇ ಕ್ಷಣ ಬಿಲ್ ಒತ್ತಿದರೆ ಇಬ್ಬರಿಗೂ ಒಂದೇ ನಂಬರ್. ಇದನ್ನು ಕಂಡ ಏಜೆಂಟ್ ತಟ್ಟನೆ ಕೊಡುವ ಸಲಹೆ 'ಪೋಸ್ಟ್‌ಗ್ರೆಸ್ ಸೀಕ್ವೆನ್ಸ್ ಬಳಸಿ', ಅಂದರೆ ಮುಂದಿನ ನಂಬರನ್ನು ಡೇಟಾಬೇಸೇ ಕೊಡಲಿ. ಪುಸ್ತಕದ ಉತ್ತರ, ಓದಲು ಚೆನ್ನ. ಆದರೆ ಟ್ರಾನ್ಸಾಕ್ಷನ್ (ಪೂರ್ತಿಯಾದರೆ ಮಾತ್ರ ಉಳಿಯುವ ಡೇಟಾಬೇಸ್ ಕೆಲಸ) ರದ್ದಾದರೂ ಸೀಕ್ವೆನ್ಸ್ ಕೊಟ್ಟ ನಂಬರನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, 123 ಆದಮೇಲೆ 125 ಬರುತ್ತದೆ. ನಿಯಮ ಕೇಳುವುದು ಸಾಲಾಗಿ ಬರುವ ಕ್ರಮಸಂಖ್ಯೆ. ನಿಯಮದ ಫೈಲ್ ಓದಿದ ಏಜೆಂಟ್ ಇದಕ್ಕೆ ತಕರಾರು ತೆಗೆಯಬೇಕು. ಇಬ್ಬರ ಜಗಳದಿಂದ ಹೊರಡುವ ಸರಿಯಾದ ದಾರಿ: ಅಂಗಡಿ ಮತ್ತು ವರ್ಷಕ್ಕೊಂದು ಸಾಲಿರುವ ಕೌಂಟರ್ ಟೇಬಲ್, ಇನ್‌ವಾಯ್ಸ್ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಆ ಸಾಲನ್ನು ಅಪ್‌ಡೇಟ್ ಮಾಡಿ ಹೊಸ ನಂಬರ್ ಪಡೆಯುವುದು. ಆ ಸಾಲಿಗೆ ಬೀಗ ಬೀಳುವುದರಿಂದ ಎರಡನೆಯ ಕೌಂಟರ್ ಕ್ಷಣಕಾಲ ಕಾಯುತ್ತದೆ, ಮೊದಲನೆಯದು ರದ್ದಾದರೆ ನಂಬರೂ ಹಿಂದಕ್ಕೆ ಬರುತ್ತದೆ. ಒಂದೇ ಏಜೆಂಟ್ ಇದ್ದಿದ್ದರೆ ಸೀಕ್ವೆನ್ಸ್ ಹಾಕಿ ಮುಖ್ಯ ಕೋಡ್‌ಗೆ ಮರ್ಜ್ ಆಗಿರುತ್ತಿತ್ತು.

ಈಗ ಕಮೆಂಟ್‌ಗಳ ರಾಶಿ. ತಪ್ಪು ಹುಡುಕು ಅಂತ ಕಳಿಸಿದ ಏಜೆಂಟ್ ಬರಿಗೈಯಲ್ಲಿ ಬರುವುದು ಕಡಿಮೆ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಸಿಕ್ಕ ಹಾಗೆ, ವೇರಿಯಬಲ್ ಹೆಸರು ಇನ್ನೂ ಸ್ಪಷ್ಟವಾಗಿರಬಹುದಿತ್ತು, ಇಲ್ಲೊಂದು ಲಾಗ್ ಇರಬಹುದಿತ್ತು, ಈ ಫಂಕ್ಷನ್ ಒಡೆಯಬಹುದಿತ್ತು ಅಂತ ಏನಾದರೂ ತಂದು ಇಡುತ್ತದೆ. ಇದಕ್ಕೆ ಎರಡು ಮದ್ದು. ಪ್ರಾಂಪ್ಟ್‌ನಲ್ಲಿ 'ಏನೂ ಸಿಗದಿದ್ದರೆ ಏನೂ ಇಲ್ಲ ಅಂತ ಬರೆ, ಅದೂ ಒಳ್ಳೆಯ ಉತ್ತರವೇ' ಅಂತ ಸ್ಪಷ್ಟವಾಗಿ ಹೇಳಿ. ಜೊತೆಗೆ ಪ್ರತಿ ದೂರಿಗೂ ಒಂದು ಅಚ್ಚು ಕೊಡಿ: ಯಾವ ಫೈಲ್, ಆ ಸಾಲಿನ ಕೋಡ್ ಯಥಾವತ್ತಾಗಿ, ಯಾವ ಇನ್‌ಪುಟ್ ಕೊಟ್ಟರೆ, ಏನು ಬರಬೇಕಿತ್ತು, ಏನು ಬರುತ್ತದೆ. ಸಾಲಿನ ಸಂಖ್ಯೆ ಮಾತ್ರ ಕೇಳಿದರೆ ಎಣಿಕೆ ತಪ್ಪುತ್ತದೆ, ಅದಕ್ಕೇ ಕೋಡ್ ಸಾಲನ್ನೇ ಬರೆಸುವುದು. ಆ ಸಾಲು ಫೈಲ್‌ನಲ್ಲಿ ಇದೆಯೇ ಅಂತ ಸ್ಕ್ರಿಪ್ಟ್ ಗ್ರೆಪ್ ಮಾಡಿ (ಹುಡುಕಿ) ನೋಡಲಿ, ಇಲ್ಲದಿದ್ದರೆ ದೂರು ಕಸದ ಬುಟ್ಟಿಗೆ. ಇನ್‌ಪುಟ್ ಹೇಳಲು ಬಾರದ ದೂರು ದೂರಲ್ಲ, ಅಭಿಪ್ರಾಯ. ಫಾರ್ಮ್ಯಾಟಿಂಗ್, ಹೆಸರು, ಇಂಪೋರ್ಟ್ ಕ್ರಮ ಇವೆಲ್ಲ ಕೋಡ್‌ನ ಶೈಲಿ ನೋಡುವ ಲಿಂಟರ್‌ನ ಪಾಲು, ಏಜೆಂಟ್‌ಗೆ ಆ ಬಾಗಿಲು ಮುಚ್ಚಿಬಿಡಿ.

ಉಳಿದ ದೂರುಗಳಿಗೆ ವೋಟ್ ಹಾಕಬೇಡಿ. ಮೂರರಲ್ಲಿ ಎರಡು ಹೇಳಿದ್ದು ಮಾತ್ರ ಇಟ್ಟುಕೊಳ್ಳುತ್ತೇವೆ ಅನ್ನುವ ಪದ್ಧತಿ ಕೆಲವು ಸ್ಕ್ರಿಪ್ಟ್‌ಗಳಲ್ಲಿ ಕಾಣುತ್ತದೆ. ಅದು ಈ ಜೋಡಣೆಯ ಲಾಭವನ್ನೇ ತೂತು ಮಾಡುತ್ತದೆ. ಮೂರಕ್ಕೂ ಕಾಣುವುದು ತಿಂಗಳ ಬಗ್, 18 ಅಕ್ಷರದ ಬಗ್ ಕಾಣುವುದು ಒಂದಕ್ಕೇ. ತಕ್ಕಡಿಯಲ್ಲಿ ಇಡಬೇಕಾದದ್ದು ಸೋಲುವ ಟೆಸ್ಟ್. ಮುರಿಯುವ ಏಜೆಂಟ್ ಬರೆದ ಟೆಸ್ಟ್ ಪಿಆರ್ ಮೇಲೆ ಕೆಂಪಾಗಬೇಕು, ತಿದ್ದಿದ ಮೇಲೆ ಹಸಿರಾಗಬೇಕು. ಕೆಂಪಾಗದಿದ್ದರೆ ದೂರು ಬಿತ್ತು, ಹೇಳಿದ್ದು ಮೂರು ಏಜೆಂಟ್ ಆದರೂ ಸರಿ. ಟೆಸ್ಟ್ ಬರೆಯಲಾಗದ ಜಾತಿಯವೂ ಇವೆ: ಯಾರಿಗೆ ಅಧಿಕಾರ, ಲಾಗ್‌ನಲ್ಲಿ ಫೋನ್ ನಂಬರ್, ಹಳೆಯ ಡೇಟಾ ಮೈಗ್ರೇಷನ್. ಅವನ್ನು ಮನುಷ್ಯರೊಬ್ಬರು ಕೂತು ನೋಡಲೇಬೇಕು.

ಏಜೆಂಟ್‌ಗಳನ್ನು ಚರ್ಚೆಗೆ ಕೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಒಂದರ ವರದಿ ಇನ್ನೊಂದಕ್ಕೆ ತೋರಿಸಿ 'ಒಪ್ಪುತ್ತೀಯಾ?' ಅಂತ ಕೇಳಿದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಉತ್ತರ ಬರುವುದೇ ಹೆಚ್ಚು. ಮೊದಲ ಸುತ್ತು ಕಡ್ಡಾಯವಾಗಿ ಬೇರೆ ಬೇರೆ ಕೋಣೆಯಲ್ಲಿ ಆಗಲಿ. ಎರಡನೆಯ ಸುತ್ತಿನಲ್ಲಿ ವರದಿ ತೋರಿಸುವುದಾದರೆ ಬರೆದವರ ಹೆಸರು ತೆಗೆದು, 'ಈ ದೂರು ಸುಳ್ಳೆಂದು ಸಾಧಿಸು' ಅಂತ ಕೇಳಿ. ಮೂರನೆಯ ಸುತ್ತು ಬೇಡ. ಅಲ್ಲಿಂದ ಮುಂದೆ ಒಂದು 'ಫಂಕ್ಷನ್ ಒಡೆ' ಅನ್ನುತ್ತದೆ, ತಿದ್ದುವ ಏಜೆಂಟ್ ಒಡೆಯುತ್ತದೆ, ಇನ್ನೊಂದು 'ಇಷ್ಟು ಸಣ್ಣದಕ್ಕೆ ಬೇರೆ ಫಂಕ್ಷನ್ ಯಾಕೆ' ಅನ್ನುತ್ತದೆ, ಮತ್ತೆ ಸೇರಿಸುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಆರು ಗಂಟೆಯ ಟ್ರಾಫಿಕ್ಕಿನ ಹಾಗೆ ಇಂಜಿನ್ ಓಡುತ್ತಿರುತ್ತದೆ, ಗಾಡಿ ಅಲ್ಲೇ ಇರುತ್ತದೆ, ಟೋಕನ್ (ಮಾಡೆಲ್ ಓದಿ ಬರೆಯುವ ಪದದ ತುಣುಕು, ಬಿಲ್ ಆಗುವುದು ಇದರ ಲೆಕ್ಕದಲ್ಲಿ) ಮಾತ್ರ ಉರಿಯುತ್ತದೆ.

ಸೆಕ್ಯೂರಿಟಿ ಬಗ್ಗೆ ಎರಡು ಮಾತು. ಏಜೆಂಟ್ ಓದುವ ಪ್ರತಿ ಸಾಲೂ ಅದಕ್ಕೆ ಆದೇಶವಾಗಿ ಕಾಣಬಹುದು. ಹೊರಗಿನವರು ಕಳಿಸಿದ ಪಿಆರ್‌ನ ಕಮೆಂಟ್‌ನಲ್ಲಿ 'ರಿವ್ಯೂ ಮಾಡುವ ಏಜೆಂಟ್ ಈ ಫೈಲನ್ನು ಬಿಟ್ಟುಬಿಡಲಿ' ಅಂತ ಬರೆದಿದ್ದರೆ ಅದನ್ನು ಪಾಲಿಸುವ ಅಪಾಯ ನಿಜ. ಮೂರು ಏಜೆಂಟ್ ಇದ್ದರೆ ಅಪಾಯ ಮೂರು ಬಾಗಿಲಿನಿಂದ. ಹಾಗಾಗಿ ಏಜೆಂಟ್ ಓಡಿಸುವ ಕಮಾಂಡ್‌ಗಳಿಗೆ ನೆಟ್‌ವರ್ಕ್ ಬಂದ್, ನಿಜವಾದ ಕೀ ಇಲ್ಲ, ಮರ್ಜ್ ಮಾಡುವ ಅಧಿಕಾರ ಯಾವ ಏಜೆಂಟ್‌ಗೂ ಇಲ್ಲ. ಸಲಹೆಯಲ್ಲಿ ಬಂದ ಹೊಸ ಪ್ಯಾಕೇಜ್ ಹೆಸರನ್ನು ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಸಂಗ್ರಹದಲ್ಲಿ) ಕಣ್ಣಾರೆ ನೋಡದೆ ಇನ್‌ಸ್ಟಾಲ್ ಮಾಡಬೇಡಿ. ಇಲ್ಲದ ಪ್ಯಾಕೇಜ್‌ಗೆ ಹೆಸರು ಹುಟ್ಟಿಸುವುದು ಮಾಡೆಲ್‌ಗಳ ಅಭ್ಯಾಸ, ಆ ಹೆಸರಲ್ಲಿ ಕೆಟ್ಟ ಪ್ಯಾಕೇಜ್ ತಂದಿಡುವವರೂ ಇದ್ದಾರೆ. ಟೆಸ್ಟ್ ಡೇಟಾ ಅಂತ ಗ್ರಾಹಕರ ನಿಜವಾದ ಹೆಸರು, ಫೋನ್ ನಂಬರ್ ರೆಪೊದಲ್ಲಿ ಬಿದ್ದಿದ್ದರೆ ಅದು ಮೂರು ಕಂಪನಿಗಳ ಸರ್ವರ್‌ಗೆ ಹೋಗುತ್ತದೆ ಅನ್ನುವುದು ನೆನಪಿರಲಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ.

ಕನ್ನಡದಲ್ಲಿ ಆ್ಯಪ್ ಮಾಡುವವರು ನಿಯಮದ ಫೈಲ್‌ಗೆ ಇನ್ನೆರಡು ಸಾಲು ಸೇರಿಸಲೇಬೇಕು, ಇಲ್ಲದಿದ್ದರೆ ಏಜೆಂಟ್‌ಗಳು ಇಂಗ್ಲಿಷ್ ಹೆಸರುಗಳಲ್ಲೇ ಟೆಸ್ಟ್ ಬರೆದು ಕೈತೊಳೆದುಕೊಳ್ಳುತ್ತವೆ. 'ಕೃಷ್ಣ' ನಮಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಬಿಲ್ಲಿನ ಅಗಲಕ್ಕೆ ಹೊಂದಲಿ ಅಂತ ನಾಲ್ಕಕ್ಕೆ ಕತ್ತರಿಸಿದರೆ 'ಕೃಷ್' ಆಗಿ ಹಿಂದಿ ಸಿನಿಮಾದ ಹೀರೋ ಬರುತ್ತಾನೆ, ಮೂರಕ್ಕೆ ಕತ್ತರಿಸಿದರೆ 'ಕೃಷ'. ಗ್ರಾಫೀಮ್ (ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ) ಲೆಕ್ಕದಲ್ಲಿ ಕತ್ತರಿಸಿ ಅಂತ ಏಜೆಂಟ್ ಸಲಹೆ ಕೊಟ್ಟರೂ, ಒತ್ತಕ್ಷರದ ನಡುವೆ ಕತ್ತರಿ ಬೀಳುತ್ತದೆಯೋ ಇಲ್ಲವೋ ಅಂತ 'ಲಕ್ಷ್ಮಿ', 'ಕೃಷ್ಣ' ಹಾಕಿ ಟೆಸ್ಟ್ ಮಾಡಿಯೇ ನಂಬಿ. ಎಸ್‌ಎಂಎಸ್‌ದು ಇನ್ನೊಂದು ಕಥೆ. ಇಂಗ್ಲಿಷ್ ಮೆಸೇಜ್ 160 ಅಕ್ಷರದವರೆಗೆ ಒಂದೇ ಎಸ್‌ಎಂಎಸ್, ಕನ್ನಡ ಬಂದ ಕೂಡಲೇ ಮಿತಿ 70 ಸಂಕೇತಕ್ಕೆ ಇಳಿಯುತ್ತದೆ, ಅದನ್ನು ದಾಟಿದರೆ 67ರ ತುಂಡುಗಳು. 160 ಸಂಕೇತದ ಕನ್ನಡ ಮೆಸೇಜ್ ಅಂದರೆ ಮೂರು ಎಸ್‌ಎಂಎಸ್‌ನ ದುಡ್ಡು. ಟೆಂಪ್ಲೇಟ್ ಬದಲಿಸುವ ಪಿಆರ್‌ನಲ್ಲಿ ಇದನ್ನು ಎಣಿಸು ಅಂತ ಬರೆದಿಟ್ಟರೆ ಏಜೆಂಟ್ ಎಣಿಸುತ್ತದೆ, ಬರೆದಿಡದಿದ್ದರೆ ತಿಂಗಳ ಕೊನೆಯಲ್ಲಿ ಅಕೌಂಟ್ಸ್‌ನವರು ಎಣಿಸುತ್ತಾರೆ. ರಿವ್ಯೂ ವರದಿಯನ್ನೇ ಕನ್ನಡದಲ್ಲಿ ಕೊಡು ಅಂದರೂ ಕೊಡುತ್ತವೆ, ಅರ್ಥವೂ ಆಗುತ್ತದೆ, ಟೋಕನ್ ಮಾತ್ರ ಇಂಗ್ಲಿಷ್‌ಗಿಂತ ಹೆಚ್ಚು ತಿನ್ನುತ್ತದೆ.

ಏಜೆಂಟ್‌ಗಳು ತಾವಾಗಿ ಓದುವ ಸೂಚನೆಯ ಫೈಲ್ ಒಂದೇ ಇರಲಿ. ಕೋಡೆಕ್ಸ್ ಓದುವುದು 'ಏಜೆಂಟ್ಸ್ ಡಾಟ್ ಎಂಡಿ', ಕ್ಲಾಡ್ ಕೋಡ್ 'ಕ್ಲಾಡ್ ಡಾಟ್ ಎಂಡಿ', ಜೆಮಿನಿ 'ಜೆಮಿನಿ ಡಾಟ್ ಎಂಡಿ'. ಮೂರು ಕಡೆ ಬೇರೆ ಬೇರೆ ಬರೆದರೆ ಎರಡು ತಿಂಗಳಲ್ಲಿ ಮೂರೂ ಬೇರೆ ಮಾತಾಡುತ್ತವೆ. ರೆಪೊ ಪರಿಚಯ, ಟೆಸ್ಟ್ ಓಡಿಸುವ ಕಮಾಂಡ್ ಇಂಥ ಸಾಮಾನ್ಯ ಮಾತು ಇವುಗಳಲ್ಲಿರಲಿ, ಅದೂ ಒಂದನ್ನು ಬರೆದು ಉಳಿದೆರಡನ್ನು ಸಿಮ್‌ಲಿಂಕ್ ಮಾಡಿ (ಅದೇ ಫೈಲ್‌ಗೆ ಕೊಂಡಿ ಹಾಕಿ). ವ್ಯವಹಾರದ ನಿಯಮಗಳ ಫೈಲ್ ಬೇರೆಯೇ ಇಟ್ಟು ಮೂರನೆಯ ಏಜೆಂಟ್‌ನ ಪ್ರಾಂಪ್ಟ್‌ನಿಂದ ಮಾತ್ರ ತೋರಿಸಿ. ಎರಡು ಪುಟ ದಾಟಿದರೆ ಕೊನೆಯ ನಿಯಮಗಳನ್ನು ಯಾರೂ ಗಮನಿಸುವುದಿಲ್ಲ, ಏಜೆಂಟೂ ಅಷ್ಟೆ, ಹೊಸದಾಗಿ ಸೇರಿದ ಹುಡುಗರೂ ಅಷ್ಟೆ.

ಖರ್ಚು. ಎಪಿಐ ಲೆಕ್ಕದಲ್ಲಿ (ಬಳಸಿದಷ್ಟಕ್ಕೆ ದುಡ್ಡು) ಕ್ಲಾಡ್ ಸಾನೆಟ್ 4.5ರ ದರ ಹಿಡಿಯೋಣ: 10 ಲಕ್ಷ ಇನ್‌ಪುಟ್ ಟೋಕನ್‌ಗೆ 3 ಡಾಲರ್, ಔಟ್‌ಪುಟ್‌ಗೆ 15 ಡಾಲರ್. ಒಂದು ಏಜೆಂಟ್ ಅಕ್ಕಪಕ್ಕದ ಫೈಲ್ ಓದಿ, ಟೆಸ್ಟ್ ಓಡಿಸಿ ಮುಗಿಸುವಷ್ಟರಲ್ಲಿ ಒಂದೂವರೆ ಲಕ್ಷ ಟೋಕನ್ ಓದಿ 4,000 ಬರೆಯಿತು ಅನ್ನಿ. ಮೂರು ಏಜೆಂಟ್‌ಗೆ ಓದಿದ್ದು 1.35 ಡಾಲರ್, ಬರೆದದ್ದು 0.18. ಡಾಲರಿಗೆ 90 ರೂಪಾಯಿ ಹಿಡಿದರೆ ಪಿಆರ್ ಒಂದಕ್ಕೆ ಸುಮಾರು 138 ರೂಪಾಯಿ. ದಿನಕ್ಕೆ 10 ಪಿಆರ್, ತಿಂಗಳಿಗೆ 22 ದಿನ ಅಂದರೆ 30,000 ರೂಪಾಯಿ ದಾಟುತ್ತದೆ, ತೆರಿಗೆ ಬೇರೆ. ಪ್ರಾಂಪ್ಟ್ ಕ್ಯಾಶಿಂಗ್ (ಒಮ್ಮೆ ಓದಿದ್ದನ್ನು ಉಳಿಸಿಟ್ಟುಕೊಳ್ಳುವುದು) ಇದ್ದರೆ ಮತ್ತೆ ಮತ್ತೆ ಓದುವ ಭಾಗಕ್ಕೆ ಹತ್ತನೇ ಒಂದು ದರ, ಹಾಗಾಗಿ ಬದಲಾಗದ ನಿಯಮಗಳನ್ನು ಪ್ರಾಂಪ್ಟ್‌ನ ಮೊದಲಿಗೆ, ಡಿಫ್ ಅನ್ನು ಕೊನೆಗೆ ಇಡಿ. ಕ್ರಮ ತಿರುಗಿಸಿದರೆ ಕ್ಯಾಶ್ ಕೆಲಸ ಮಾಡದು. ತಿಂಗಳ ಚಂದಾದಲ್ಲಿ ಓಡಿಸಿದರೆ ಬಿಲ್ ನಿಗದಿ, ಆದರೆ ಮೂರನ್ನೂ ಪ್ರತಿ ಪುಶ್‌ಗೆ (ಕೋಡ್ ಕಳಿಸಿದಾಗಲೆಲ್ಲ) ಓಡಿಸಿದರೆ ಮಧ್ಯಾಹ್ನದೊಳಗೆ ಮಿತಿ ಮುಟ್ಟಬಹುದು. ಪ್ರತಿ ಪುಶ್‌ಗೆ ಬೇಡ, ಪಿಆರ್ ಡ್ರಾಫ್ಟ್‌ನಿಂದ ಹೊರಬಂದಾಗ ಒಂದು ಸಲ, ತಿದ್ದಿದ ಮೇಲೆ ಇನ್ನೊಂದು ಸಲ ಸಾಕು. ಹಣ, ತಾರೀಖು, ಲಾಗಿನ್ ಇರುವ ಫೋಲ್ಡರ್‌ಗಳ ಪಟ್ಟಿ ಮಾಡಿ, ಅವು ಮುಟ್ಟಿದಾಗ ಮಾತ್ರ ಮೂರೂ ಏಳಲಿ.

ಎರಡೇ ಏಜೆಂಟ್‌ಗೆ ಬಜೆಟ್ ಇದ್ದರೆ ಟಿಕೆಟ್ ಓದುವುದನ್ನು ಬಿಡಿ. ಆ ಕೆಲಸವನ್ನು ಟಿಕೆಟ್ ಬರೆದವರೇ ಹತ್ತು ನಿಮಿಷದಲ್ಲಿ ಮಾಡಬಲ್ಲರು. ಮುರಿಯುವುದು ಒಂದು, ನಿಯಮ ಓದುವುದು ಒಂದು, ಎರಡೂ ಬೇರೆ ಕಂಪನಿಯವು. ಒಂದಕ್ಕೇ ಬಜೆಟ್ ಇದ್ದರೆ ಮುರಿಯುವುದನ್ನು ಇಟ್ಟುಕೊಳ್ಳಿ, ನಿಯಮದ ಫೈಲನ್ನೂ ಅದರ ಕೈಗೇ ಕೊಡಿ, ಟೈಮ್‌ಝೋನ್ ಯುಟಿಸಿಯಲ್ಲೇ ಇರಲಿ.